ಎಳ್ಳಮಾವಾಸ್ಯೆಯಿಂದ ಹುಳು ಮುಟ್ಟದ ಲೆಪರ್ಡ್ ಗೆಕ್ಕೊ

ಬಿಸಿಲುನಾಡಿನವ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಎರಡೂವರೆ ವರ್ಷದ ಒಂದು ಲೆಪರ್ಡ್ ಗೆಕ್ಕೊ, ಅಂದರೆ ಮನೆಯಲ್ಲಿ ಸಾಕುವ ಒಂದು ಬಗೆಯ ಹಲ್ಲಿ, ಇದೆ. ಹಳದಿ ಮೈಮೇಲಿನ ಕಪ್ಪು ಚುಕ್ಕೆಗಳನ್ನು ಕಂಡು ನನ್ನ ತಾಯಿ, ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚಿದ ಹಾಗಿದೆ ಎಂದದ್ದರಿಂದ ಅದಕ್ಕೆ ಎಳ್ಳು ಎಂಬ ಹೆಸರೇ ನಿಂತುಬಿಟ್ಟಿತು. ಮರಿಯಾಗಿದ್ದಾಗ ಹೈದರಾಬಾದಿನಿಂದ ತಂದದ್ದು. ಗಂಡು ಎಂದು ಹೇಳಿ ಕೊಟ್ಟಿದ್ದರು. ಇಷ್ಟು ದಿನ ಊಟದ ವಿಷಯದಲ್ಲಿ ಅದು ಒಮ್ಮೆಯೂ ತಕರಾರು ಮಾಡಿದ್ದಿಲ್ಲ. ದಿನ ಬಿಟ್ಟು ದಿನ ಸಂಜೆ ಚಿಮಟದಲ್ಲಿ ಮೀಲ್‌ವರ್ಮ್ ಹಿಡಿದರೆ, ಬಾಲದ ತುದಿಯನ್ನು ಬೆಕ್ಕಿನಂತೆ ಅತ್ತಿತ್ತ ಅಲುಗಿಸಿ, ಒಂದು ಕ್ಷಣ ತಡೆದು, ಗಬಕ್ಕನೆ ಕಚ್ಚಿಕೊಳ್ಳುತ್ತಿತ್ತು. ಒಂದು ಸಲಕ್ಕೆ ಏಳೆಂಟು ಹುಳುಗಳು ಮುಗಿಯುತ್ತಿದ್ದವು.

ಎಳ್ಳಮಾವಾಸ್ಯೆಯಂದು ನಾವೆಲ್ಲರೂ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ ರೊಟ್ಟಿ ಉಂಡು ಬರುವಾಗ ಜೋಳದ ಹೊಲದಲ್ಲಿ ನಾಲ್ಕು ಮಿಡತೆಗಳನ್ನು ಹಿಡಿದು ತಂದಿದ್ದೆ. ಆ ರಾತ್ರಿ ಅದು ಎರಡು ಮಿಡತೆಗಳನ್ನು ತಿಂದಿತು. ಅದೇ ಕೊನೆ, ಇಂದಿಗೆ ಹತ್ತೊಂಬತ್ತು ದಿನಗಳಾದವು. ಹುಳುವನ್ನು ಮುಂದೆ ಹಿಡಿದರೆ ಮೂಸಿದಂತೆ ಮಾಡಿ, ಮುಖ ಹೊರಳಿಸಿ, ರೆಪ್ಪೆ ಮುಚ್ಚಿಕೊಳ್ಳುತ್ತದೆ. ನೀರನ್ನು ಮಾತ್ರ ನೆಕ್ಕುತ್ತದೆ. ಹನ್ನೆರಡು ದಿನಗಳಿಂದ ಮಲವಿಸರ್ಜನೆಯೂ ಆಗಿಲ್ಲ. ದಸರೆಯ ಹೊತ್ತಿಗೆ 66 ಗ್ರಾಂ ಇದ್ದದ್ದು ಇಂದು ಬಂಗಾರ ತೂಗುವ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ 61 ಗ್ರಾಂ ತೋರಿಸಿತು. ಬಾಲ ಇನ್ನೂ ದಪ್ಪವಾಗಿಯೇ ಇದೆ.

ಅದು ಇರುವುದು ಮೂರು ಅಡಿ ಉದ್ದದ ಗಾಜಿನ ಪೆಟ್ಟಿಗೆಯಲ್ಲಿ. ತಳಕ್ಕೆ ಟೈಲ್ಸ್ ಹಾಕಿ ಮೇಲೆ ಟಿಶ್ಯೂ ಹಾಳೆ ಹಾಸಿದ್ದೇನೆ, ಮರಳಿಲ್ಲ. ಒಂದು ಬದಿಯಲ್ಲಿ ಪೆಟ್ಟಿಗೆಯ ಕೆಳಗೆ ಹೀಟ್ ಮ್ಯಾಟ್ (ವಿದ್ಯುತ್ತಿನಿಂದ ಬಿಸಿಯಾಗುವ ಹಾಳೆ) ಅಂಟಿಸಿ, ಅದರ ಶಾಖವನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟನ್ನು 32 ಡಿಗ್ರಿಗೆ ಇಟ್ಟಿದ್ದೇನೆ. ಗಾಜಿನ ಗೋಡೆಗೆ ಅಂಟಿಸಿರುವ ಥರ್ಮಾಮೀಟರ್ ಪಟ್ಟಿ 26 ಅಥವಾ 27 ತೋರಿಸುತ್ತದೆ. ದೀಪಾವಳಿಗೆ ಮನೆಗೆ ಸುಣ್ಣಬಣ್ಣ ಮಾಡಿಸಿದಾಗ ಪೆಟ್ಟಿಗೆಯನ್ನು ಹಳೆಯ ಮರದ ಮೇಜಿನಿಂದ ಇಳಿಸಿ ಪಡಸಾಲೆಯ ಕಲ್ಲಿನ ಕಟ್ಟೆಯ ಮೇಲೆ ಇಟ್ಟೆವು. ಉಳಿದಂತೆ ಏನನ್ನೂ ಬದಲಾಯಿಸಿಲ್ಲ. ಥರ್ಮೋಸ್ಟಾಟಿನ ಕೆಂಪು ದೀಪ ಯಾವಾಗಲೂ ಉರಿಯುತ್ತಲೇ ಇರುತ್ತದೆಯಾದ್ದರಿಂದ ಮ್ಯಾಟ್ ಕೆಟ್ಟಿಲ್ಲವೆಂದು ತಿಳಿದಿದ್ದೇನೆ.

ಇಲ್ಲಿ ಒಂದು ಚಿಕಿತ್ಸಾಲಯಕ್ಕೆ ಒಯ್ದಾಗ, ದನ ನಾಯಿಗಳನ್ನು ನೋಡುತ್ತೇವೆ, ಇದನ್ನು ನೋಡಿ ಗೊತ್ತಿಲ್ಲ ಎಂದು ಪ್ರಾಮಾಣಿಕವಾಗಿಯೇ ಹೇಳಿ ಕಳುಹಿಸಿದರು. ಗೆಳೆಯನೊಬ್ಬ ಬಾಯಿ ಬಿಡಿಸಿ ಹುಳುವನ್ನು ಒಳಗೆ ತುರುಕು ಎನ್ನುತ್ತಾನೆ. ಪಕ್ಕದ ಮನೆಯ ಹಿರಿಯರು, ಸುಣ್ಣದ ಅಂಶ ಕಡಿಮೆಯಾಗಿರಬೇಕು, ಎಲೆಗೆ ಹಚ್ಚುವ ಸುಣ್ಣವನ್ನು ನೀರಿನಲ್ಲಿ ಕಲಸಿ ಒಂದು ಹನಿ ಬಿಡು ಎಂದಿದ್ದಾರೆ. ಎರಡನ್ನೂ ಇನ್ನೂ ಮಾಡಿಲ್ಲ. ಬಲ್ಲವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಕೋಟೆಬಾಗಿಲು, ಬೀದರ್

ಎರಡನ್ನೂ ಮಾಡದೆ ಕೇಳಿದ್ದು ಒಳ್ಳೆಯದಾಯಿತು. ಸುಣ್ಣದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಎಲೆಗೆ ಹಚ್ಚುವ ಸುಣ್ಣ ಸುಡುವ ಕ್ಷಾರ; ಅಡಿಕೆಯ ಜೊತೆ ಅಗಿಯುವಾಗ ನಮ್ಮ ನಾಲಿಗೆಯೇ ಒಮ್ಮೊಮ್ಮೆ ಬೇಯುತ್ತದೆ, ಅರವತ್ತು ಗ್ರಾಂ ತೂಗುವ ಪ್ರಾಣಿಯ ಬಾಯಿ ಗಂಟಲು ಉಳಿಯುತ್ತವೆಯೇ? ಗೆಕ್ಕೊಗಳಿಗೆ ಕೊಡುವ ಪುಡಿ ಕ್ಯಾಲ್ಸಿಯಂ ಕಾರ್ಬೊನೇಟ್. ಅದು ಬೇರೆ ವಸ್ತು, ಅದನ್ನು ಹುಳುವಿನ ಮೈಗೆ ಹೊರಳಿಸಿ ಕೊಡಬೇಕು.

ಇನ್ನು ಮುಖ್ಯ ವಿಷಯ. ತಾವು ಬರೆದದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಎರಡು ಸಂಗತಿಗಳು: ಕಲ್ಲಿನ ಕಟ್ಟೆ, ಮತ್ತು ಆರದೆ ಉರಿಯುವ ಆ ಕೆಂಪು ದೀಪ. ಥರ್ಮೋಸ್ಟಾಟ್ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಅದರ ದೀಪ ಸ್ವಲ್ಪ ಹೊತ್ತು ಹತ್ತಿ, ಸ್ವಲ್ಪ ಹೊತ್ತು ಆರಬೇಕು. ದಿನವಿಡೀ ಆರುವುದೇ ಇಲ್ಲವೆಂದರೆ ಮ್ಯಾಟ್ ಹಗಲೂ ರಾತ್ರಿ ದುಡಿದರೂ 32 ಡಿಗ್ರಿಯನ್ನು ಮುಟ್ಟಲಾಗುತ್ತಿಲ್ಲ ಎಂದೇ ಅರ್ಥ. ತಮ್ಮ ಕಟ್ಟೆ ಶಹಾಬಾದ್ ಪರಸಿಯದ್ದಾಗಿರಬೇಕೆಂದು ಊಹಿಸುತ್ತೇನೆ. ಬೇಸಿಗೆಯ ಮಧ್ಯಾಹ್ನ ನಾವು ಆ ಕಲ್ಲಿನ ಮೇಲೆ ಬರಿಮೈಯಲ್ಲಿ ಮಲಗುವುದು ಏಕೆ? ಅದು ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ ಎಂಬ ಕಾರಣಕ್ಕೆ. ಮ್ಯಾಟಿನ ಶಾಖವನ್ನೂ ಅದು ಹಾಗೆಯೇ ಎಳೆದುಕೊಳ್ಳುತ್ತಿದೆ. ಮರದ ಮೇಜಿನ ಮೇಲಿದ್ದಾಗ ಮೇಲಕ್ಕೆ ಹೋಗುತ್ತಿದ್ದ ಬಿಸಿ, ಈ ಚಳಿಯಲ್ಲಿ ತಣ್ಣಗೆ ಕೊರೆಯುವ ಕಲ್ಲಿಗೆ ಇಳಿದುಹೋಗುತ್ತಿದೆ.

ಗೋಡೆಗೆ ಅಂಟಿಸಿದ ಪಟ್ಟಿಯನ್ನು ನಂಬಬೇಡಿ. ಅದು ಗಾಜಿನ ಸುದ್ದಿಯನ್ನು ಹೇಳುತ್ತದೆಯೇ ಹೊರತು ನೆಲದ ಸುದ್ದಿಯನ್ನಲ್ಲ. ಮ್ಯಾಟಿನ ನೇರ ಮೇಲಿರುವ ಟೈಲ್ಸಿನ ಮೇಲ್ಮೈ 32ರಿಂದ 34 ಡಿಗ್ರಿ ಇರಬೇಕು, ತಂಪಿನ ಬದಿ 24ರಿಂದ 26ರ ಒಳಗಿರಬೇಕು. ಮುಟ್ಟದೆ ಶಾಖ ಅಳೆಯುವ ಇನ್ಫ್ರಾರೆಡ್ ಗನ್ ಇದ್ದರೆ ನೆಲಕ್ಕೆ ಹಿಡಿದು ನೋಡಿ. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಥರ್ಮಾಮೀಟರ್ ಇದಕ್ಕೆ ಬಾರದು. ಅದು ಮನುಷ್ಯರ ಮೈಶಾಖದ ಆಸುಪಾಸಿನ ಲೆಕ್ಕಕ್ಕೆ ಮಾತ್ರ ಹೊಂದಿಸಿದ್ದು. ಏನೂ ಇಲ್ಲದಿದ್ದರೆ, ಉದ್ದನೆಯ ತಂತಿಯ ತುದಿಯಲ್ಲಿ ಶಾಖ ಅಳೆಯುವ ಪ್ರೋಬ್ ಇರುವ ಅಕ್ವೇರಿಯಂ ಥರ್ಮಾಮೀಟರನ್ನು ತಂದು ಆ ಪ್ರೋಬನ್ನು ನೆಲಕ್ಕೆ ಟೇಪ್ ಹಚ್ಚಿ ಅಂಟಿಸಿದರೆ ಸಾಕು.

ನೆಲದ ಶಾಖಕ್ಕೂ ಹಸಿವಿಗೂ ಏನು ಸಂಬಂಧ ಎಂದು ಕೇಳಬಹುದು. ನಮ್ಮ ಹೊಟ್ಟೆ ತನ್ನ ಬೆಂಕಿಯನ್ನು ತಾನೇ ಹೊತ್ತಿಸಿಕೊಳ್ಳುತ್ತದೆ. ಗೆಕ್ಕೊಗೆ ಆ ಅನುಕೂಲವಿಲ್ಲ. ಅದು ಹೊಟ್ಟೆಯನ್ನು ಬಿಸಿ ನೆಲಕ್ಕೆ ಒತ್ತಿ ಮಲಗಿದಾಗಲೇ ಒಳಗಿನ ಜೀರ್ಣರಸಗಳು ಚುರುಕಾಗುವುದು. ನೆಲ ತಣ್ಣಗಿದ್ದರೆ ನುಂಗಿದ್ದು ಕರಗದೆ ಅಲ್ಲಿಯೇ ಕೂರುತ್ತದೆ, ಹೆಚ್ಚಾದರೆ ಕೊಳೆಯುತ್ತದೆ, ಆಗ ಪ್ರಾಣಿ ವಾಂತಿ ಮಾಡುತ್ತದೆ. ಹೀಗಾಗಿ ತಣ್ಣಗಿರುವ ಗೆಕ್ಕೊ ಊಟ ಬಿಡುವುದನ್ನು ಕಾಯಿಲೆಯೆಂದು ಕರೆಯಲು ನನಗೆ ಮನಸ್ಸಿಲ್ಲ, ಅದನ್ನು ಜಾಣತನವೆಂದೇ ಕರೆಯುತ್ತೇನೆ. ನೆಲ ಸರಿಯಾಗುವವರೆಗೆ ಒಂದು ಹುಳುವನ್ನೂ ಕೊಡಬೇಡಿ. ಸರಿಯಾದ ಮೇಲೂ ಎರಡು ಮೂರು ದಿನ ತಡೆದು, ಮಲವಿಸರ್ಜನೆಯಾದ ಮೇಲೆ ಒಂದು ಚಿಕ್ಕ ಹುಳುವಿನಿಂದ ಆರಂಭಿಸಿ.

ಒಂದು ಎಚ್ಚರಿಕೆ: ಪೆಟ್ಟಿಗೆಯನ್ನು ಕಲ್ಲಿನಿಂದ ಎತ್ತಿದ ಕೂಡಲೇ ಮ್ಯಾಟಿನ ಶಾಖ ಜಿಗಿಯಬಹುದು. ಥರ್ಮೋಸ್ಟಾಟಿನ ಪ್ರೋಬನ್ನು ಪೆಟ್ಟಿಗೆಯ ಒಳಗೆ, ಬಿಸಿ ನೆಲಕ್ಕೆ ಅಂಟಿಸದೆ ಈ ಕೆಲಸಕ್ಕೆ ಕೈಹಾಕಬೇಡಿ, ಹೊಟ್ಟೆ ಸುಟ್ಟೀತು.

ಹಸಿರುಗುಡ್ಡ, ಬಸವಕಲ್ಯಾಣ

ಇಷ್ಟೊಂದು ಗಾಬರಿ ಅನಗತ್ಯ ಎಂದು ನನ್ನ ಅಭಿಪ್ರಾಯ. ಈ ಪ್ರಾಣಿಗಳ ಮೂಲ ನೆಲೆ ಅಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ಭಾರತದ ವಾಯವ್ಯ ಭಾಗದ ಒಣ ಕಲ್ಲುನಾಡು. ಅಲ್ಲಿ ಚಳಿಗಾಲದಲ್ಲಿ ಅವು ಬಿಲ ಸೇರಿ ತಿಂಗಳುಗಟ್ಟಲೆ ಉಪವಾಸವಿರುತ್ತವೆ. ಅದಕ್ಕಾಗಿಯೇ ಬಾಲದಲ್ಲಿ ಕೊಬ್ಬು ಕೂಡಿಟ್ಟಿರುತ್ತವೆ. ಹೋಳಿಯ ಹೊತ್ತಿಗೆ ತಾನಾಗಿ ತಿನ್ನುತ್ತದೆ, ಹಾಗೆಯೇ ಬಿಟ್ಟುಬಿಡಿ.

ಕೋಟೆಬಾಗಿಲು, ಬೀದರ್

ಹಸಿರುಗುಡ್ಡದವರ ಮಾತಿನಲ್ಲಿ ಅರ್ಧ ನಿಜವಿದೆ, ಅಷ್ಟಕ್ಕೇ ಬಿಟ್ಟರೆ ಅಪಾಯವೂ ಇದೆ. ಬಿಲ ಸೇರುವ ಗೆಕ್ಕೊ ಹೊಟ್ಟೆಯನ್ನು ಖಾಲಿ ಮಾಡಿಕೊಂಡು ಸೇರುತ್ತದೆ, ಅಲ್ಲಿನ ನೆಲ ನಿಧಾನವಾಗಿ ತಣಿಯುತ್ತದೆ, ಆಗ ಅದರ ಮೈಯ ಖರ್ಚೂ ತಗ್ಗುತ್ತದೆ. ಇಲ್ಲಿ ಹಾಗಿಲ್ಲ. ಎರಡು ಮಿಡತೆಗಳನ್ನು ನುಂಗಿದ ಪ್ರಾಣಿಯೊಂದು ಇಪ್ಪತ್ತೈದು ಡಿಗ್ರಿಯ ಅರೆಬೆಚ್ಚಗಿನ ಪೆಟ್ಟಿಗೆಯಲ್ಲಿ ಕುಳಿತಿದೆ. ನಿದ್ದೆಗೆ ಜಾರುವಷ್ಟು ಚಳಿಯಿಲ್ಲ, ಅರಗಿಸುವಷ್ಟು ಬಿಸಿಯೂ ಇಲ್ಲ. ಆ ಸ್ಥಿತಿಯಲ್ಲಿ ಬಾಲದ ಕೊಬ್ಬು ಸುಮ್ಮನೆ ಕರಗುತ್ತದೆ. ಚಳಿಗಾಲದ ವಿಶ್ರಾಂತಿ ಕೊಡಬೇಕೆಂದಿದ್ದರೆ ಅದನ್ನು ಬೇಕೆಂದೇ, ಆರೋಗ್ಯವಂತ ಪ್ರಾಣಿಗೆ, ಲೆಕ್ಕ ಹಾಕಿ ಕೊಡಬೇಕು.

ಭೀಮಾತೀರ, ಯಾದಗಿರಿ

ಶಾಖದ ವಿಷಯದಲ್ಲಿ ಮೇಲಿನವರು ಹೇಳಿದ್ದಕ್ಕೆ ನಾನು ಸೇರಿಸುವುದೇನೂ ಇಲ್ಲ. ನನಗೆ ಕಸಿವಿಸಿಯಾದದ್ದು ಮಿಡತೆಯ ಮಾತು ಓದಿದಾಗ. ತಾವು ಜೋಳದ ಹೊಲದಲ್ಲಿ ಹಿಡಿದಿರಬಹುದು, ಆದರೆ ಮಿಡತೆಗೆ ಬದು ಗೊತ್ತಿಲ್ಲ. ಪಕ್ಕದಲ್ಲಿ ತೊಗರಿ ಇದ್ದೇ ಇರುತ್ತದೆ, ತೊಗರಿ ಹೂ ಬಿಟ್ಟು ಕಾಯಿ ಕಟ್ಟುವಾಗ ಕಾಯಿಕೊರಕಕ್ಕೆ ಎಷ್ಟು ಸಲ ಔಷಧಿ ಹೊಡೆಯುತ್ತೇವೆಂಬುದು ನಮ್ಮ ಜಿಲ್ಲೆಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆ ವಿಷ ಸವರಿದ ಮಿಡತೆ ಸಾಯದೆ ಹಾರಾಡುತ್ತಿದ್ದರೂ ಅದನ್ನು ತಿಂದ ಗೆಕ್ಕೊಗೆ ತೊಂದರೆಯಾಗಬಹುದು. ಮೈ ನಡುಗುವುದು, ಜೊಲ್ಲು ಸುರಿಯುವುದು, ಕಾಲು ಸೆಳೆಯುವುದು ಇಂಥವು ಆಗುವುದಿದ್ದರೆ ಸಾಮಾನ್ಯವಾಗಿ ಬೇಗನೆ ಕಾಣುತ್ತಿದ್ದವು. ಹತ್ತೊಂಬತ್ತು ದಿನ ಸುಮ್ಮನಿರುವುದರಿಂದ ಈ ಸಲ ತಪ್ಪಿಸಿಕೊಂಡಿದೆ ಎಂದು ಭಾವಿಸೋಣ. ಮುಂದೆ ಹೊಲದ ಹುಳುವನ್ನು ಮನೆಗೆ ತರಬೇಡಿ. ಮಿಂಚುಹುಳುವನ್ನಂತೂ ತಮಾಷೆಗೂ ಹತ್ತಿರ ಬಿಡಬೇಡಿ, ಅದರ ಮೈಯಲ್ಲಿ ಹೃದಯವನ್ನೇ ಹಿಡಿಯುವ ವಿಷವಿರುತ್ತದೆ.

ಮೀಲ್‌ವರ್ಮನ್ನು ಮನೆಯಲ್ಲಿಯೇ ಬೆಳೆಸುವುದು ಕಷ್ಟವಲ್ಲ. ಒಂದು ಅಗಲ ಡಬ್ಬಿಯಲ್ಲಿ ನಾಲ್ಕು ಬೆರಳು ಗೋಧಿ ಬೂಸಾ ಹಾಕಿ, ಮೇಲೆ ಗಜ್ಜರಿಯ ಹೋಳುಗಳನ್ನು ಇಟ್ಟು, ಮುಚ್ಚಳಕ್ಕೆ ತೂತು ಮಾಡಿದರೆ ಆಯಿತು. ಗಜ್ಜರಿಗೆ ಬೂಸಲು ಹಿಡಿಯುವ ಮೊದಲೇ ತೆಗೆದುಬಿಡಬೇಕು.

ಇನ್ನೊಂದು ಪರೀಕ್ಷೆಯನ್ನೂ ಮಾಡಿ ನೋಡಿ. ಕಳೆದ ವರ್ಷ ನನ್ನ ಗೆಕ್ಕೊ ಹೀಗೆಯೇ ಊಟ ಬಿಟ್ಟಾಗ ನಾನು ಎರಡು ವಾರ ಹುಳು ಬದಲಿಸುತ್ತ, ಕೊಡುವ ಹೊತ್ತು ಬದಲಿಸುತ್ತ ಕಳೆದೆ. ಕೊನೆಗೆ ಟಾರ್ಚ್ ಹಿಡಿದು ಹತ್ತಿರದಿಂದ ನೋಡಿದರೆ ಎಡಗಣ್ಣಿನ ರೆಪ್ಪೆಯ ಕೆಳಗೆ ಹಳೆಯ ಪೊರೆಯ ಒಂದು ತುಣುಕು, ಒಣಗಿದ ಈರುಳ್ಳಿ ಸಿಪ್ಪೆಯ ಹಾಗೆ, ಸಿಕ್ಕಿಕೊಂಡಿತ್ತು. ಪಾಪ, ಅದಕ್ಕೆ ಹುಳು ಕಾಣುತ್ತಲೇ ಇರಲಿಲ್ಲ. ನಮ್ಮ ಗಾಳಿ ಒಣ, ಪೊರೆ ಪೂರ್ತಿ ಕಳಚಿಕೊಳ್ಳುವುದಿಲ್ಲ. ಅಂದಿನಿಂದ ಪೆಟ್ಟಿಗೆಯಲ್ಲಿ ಒದ್ದೆ ಪಾಚಿ ತುಂಬಿದ ಒಂದು ಮುಚ್ಚಿದ ಡಬ್ಬಿಯನ್ನು ಅದರ ಬಚ್ಚಲುಮನೆಯೆಂದು ಇಟ್ಟಿದ್ದೇನೆ. ಕಾಲ್ಬೆರಳುಗಳನ್ನೂ ನೋಡಿ, ಅಲ್ಲಿ ಉಳಿದ ಪೊರೆ ದಾರದಂತೆ ಬಿಗಿದು ಬೆರಳೇ ಉದುರಬಹುದು.

ಬಿಸಿಲುನಾಡಿನವ, ಕಲಬುರಗಿ

ಇಬ್ಬರಿಗೂ ಕೃತಜ್ಞತೆಗಳು. ಊಹೆ ನಿಜ, ಅದು ಶಹಾಬಾದ್ ಪರಸಿಯೇ. ಇಂದು ಬೆಳಿಗ್ಗೆ ಆರಕ್ಕೆ ಬಿಸಿ ಬದಿಯ ಟೈಲ್ಸಿಗೆ ಪ್ರೋಬ್ ಅಂಟಿಸಿ ನೋಡಿದೆ: 23.8 ಡಿಗ್ರಿ. ಪೆಟ್ಟಿಗೆಯ ಅಡಿಗೆ ಕೈ ಹಾಕಿದರೆ ಮ್ಯಾಟ್ ಇರುವ ಕಡೆ ಕಟ್ಟೆಯ ಕಲ್ಲು ಉಗುರು ಬೆಚ್ಚಗಿತ್ತು. ಇಷ್ಟು ದಿನ ನಾನು ಕಟ್ಟೆಯನ್ನು ಸಾಕಿದ್ದೇನೆಂದು ತಿಳಿದು ನಾಚಿಕೆಯಾಯಿತು. ಕಣ್ಣು, ಬೆರಳುಗಳಲ್ಲಿ ಪೊರೆಯಿಲ್ಲ. ನಡುಕವೂ ಜೊಲ್ಲೂ ಎಂದೂ ಕಂಡಿಲ್ಲ.

ಪಶುವೈದ್ಯೆ, ಬೀದರ್

ಚರ್ಚೆಯನ್ನು ಓದಿದೆ. ಶಾಖವನ್ನು ಸರಿಪಡಿಸುವುದೇ ಮೊದಲ ಕೆಲಸವೆಂಬುದನ್ನು ಒಪ್ಪುತ್ತೇನೆ, ಆದರೆ ಎಲ್ಲವನ್ನೂ ಕಲ್ಲಿನ ತಲೆಗೆ ಕಟ್ಟುವ ಮುನ್ನ ಇನ್ನೊಂದು ಸಾಧ್ಯತೆಯನ್ನು ನೋಡಿಬಿಡಿ.

ಮರಿಯಾಗಿದ್ದಾಗ ಗಂಡು ಎಂದು ಹೇಳಿ ಕೊಟ್ಟದ್ದನ್ನು ಪೂರ್ತಿ ನಂಬಬೇಡಿ. ಲೆಪರ್ಡ್ ಗೆಕ್ಕೊಗಳಲ್ಲಿ ಮೊಟ್ಟೆಗೆ ಸಿಕ್ಕ ಶಾಖವೇ ಮರಿಯ ಲಿಂಗವನ್ನು ನಿರ್ಧರಿಸುತ್ತದೆ, ಮಾರುವವರು ಹಲವು ಸಲ ಆ ಲೆಕ್ಕದ ಮೇಲೆಯೇ ಹೇಳಿಬಿಡುತ್ತಾರೆ. ಪ್ರಾಣಿಯನ್ನು ಪಾರದರ್ಶಕ ಡಬ್ಬಿಯಲ್ಲಿಟ್ಟು ಕೆಳಗಿನಿಂದ ನೋಡಿ. ಗಂಡಾದರೆ ಹಿಂಗಾಲುಗಳ ನಡುವೆ, ಗುದದ್ವಾರದ ಮುಂದೆ, ತಲೆಕೆಳಗಾದ ವಿ ಆಕಾರದಲ್ಲಿ ಮೇಣದ ಚುಕ್ಕೆಗಳಂಥ ರಂಧ್ರಗಳ ಸಾಲು ಎದ್ದು ಕಾಣುತ್ತದೆ, ಅದರ ಹಿಂದೆ ಬಾಲದ ಬುಡದಲ್ಲಿ ಎರಡು ಉಬ್ಬುಗಳಿರುತ್ತವೆ. ಹೆಣ್ಣಾದರೆ ಇವು ಇರುವುದಿಲ್ಲ. ಬದಲಿಗೆ ಈ ಕಾಲದಲ್ಲಿ ಹೊಟ್ಟೆಯ ತೆಳು ಚರ್ಮದ ಹಿಂದೆ ಎರಡೂ ಬದಿಗೆ ತಿಳಿ ಗುಲಾಬಿ ಬಣ್ಣದ ದುಂಡು ನೆರಳುಗಳು ಕಾಣಬಹುದು. ಗಂಡಿನ ಸಹವಾಸವಿಲ್ಲದಿದ್ದರೂ ಹೆಣ್ಣಿನಲ್ಲಿ ಅಂಡಗಳು ಬೆಳೆಯುತ್ತವೆ, ಆ ವಾರಗಳಲ್ಲಿ ಅದು ಊಟ ಬಿಡುವುದು ಸಾಮಾನ್ಯ.

ಬಾಯಿ ಬಿಡಿಸಿ ತುರುಕುವುದು ಬೇಡವೇ ಬೇಡ. ದವಡೆ ಮುರಿಯಬಹುದು, ಆಹಾರ ಶ್ವಾಸನಾಳಕ್ಕೆ ಹೋಗಬಹುದು, ಮತ್ತು ತಣ್ಣನೆಯ ಹೊಟ್ಟೆಗೆ ಹೋದದ್ದು ಹೇಗಿದ್ದರೂ ಅರಗುವುದಿಲ್ಲ. ಅಂಥ ಅಗತ್ಯ ಬಂದರೆ ವೈದ್ಯರ ಕೈಯಲ್ಲಿ, ದ್ರವರೂಪದಲ್ಲಿ, ನೀರಿನ ಕೊರತೆಯನ್ನು ಮೊದಲು ನೀಗಿಸಿದ ಮೇಲೆ ಆಗಬೇಕು.

ತೂಕವನ್ನು ವಾರಕ್ಕೆ ಒಮ್ಮೆ, ಒಂದೇ ಹೊತ್ತಿಗೆ, ಬರೆದಿಡಿ. ದಿನವೂ ಎತ್ತಿ ತೂಗಿದರೆ ಅದೇ ಒಂದು ಹಿಂಸೆ. 66ಕ್ಕೆ ಐದು ಗ್ರಾಂ ಇಳಿದಿರುವುದು ಇನ್ನೂ ಕಾಯಬಹುದಾದ ಮಟ್ಟ. ಇಳಿಕೆ ಹತ್ತರಲ್ಲಿ ಒಂದು ಪಾಲನ್ನು ದಾಟಿದರೆ, ಅಂದರೆ ತಮ್ಮ ಪ್ರಾಣಿ 59ಕ್ಕೆ ಬಂದರೆ, ಕಾಯಬೇಡಿ. ಮಲ ನೀರಾಗಿ ದುರ್ವಾಸನೆ ಬೀರಿದರೆ, ಬಾಯಿಯ ಅಂಚಿನಲ್ಲಿ ಕೀವು ಕಂಡರೆ, ದವಡೆ ಮೆತ್ತಗಾದರೆ, ಹೊಟ್ಟೆಯಲ್ಲಿ ಕಡುನೀಲಿ ಗಡ್ಡೆ ಕಂಡು ಪ್ರಾಣಿ ತಿಣುಕುತ್ತಿದ್ದರೆ ತೂಕವನ್ನೂ ನೋಡುತ್ತ ಕೂರಬೇಡಿ. ಹಳಬರು ಹೆಚ್ಚು ಹೆದರುವುದು ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿಗೆ. ಅದು ಹೊಕ್ಕರೆ ಪ್ರಾಣಿ ತಿನ್ನುತ್ತಿದ್ದರೂ ಬಾಲ ಕಡ್ಡಿಯಂತೆ ಸೊರಗುತ್ತದೆ, ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ, ಸಾಮಾನ್ಯ ಬ್ಲೀಚಿಂಗ್‌ಗೆ ಜಗ್ಗುವುದಿಲ್ಲ. ತಮ್ಮ ಪ್ರಾಣಿಯ ಬಾಲ ದಪ್ಪವಾಗಿರುವುದರಿಂದ ನನಗೆ ಅದರ ಸಂಶಯ ಕಡಿಮೆ. ಆದರೂ ಮುಂದಿನ ಮಲವನ್ನು ಶುಚಿಯಾದ ಚಿಕ್ಕ ಡಬ್ಬಿಯಲ್ಲಿ ತಂಪಾಗಿಟ್ಟು ಒಂದು ದಿನದೊಳಗೆ ಪರೀಕ್ಷೆಗೆ ಕಳುಹಿಸಿ. ಸಾಮಾನ್ಯ ಪರಾವಲಂಬಿಗಳನ್ನು ಯಾವ ಪಶುವೈದ್ಯಕೀಯ ಪ್ರಯೋಗಾಲಯದ ಸೂಕ್ಷ್ಮದರ್ಶಕದಲ್ಲೂ ನೋಡಬಹುದು. ಕ್ರಿಪ್ಟೊ ನೋಡಲು ಪ್ರತ್ಯೇಕ ಬಣ್ಣ ಹಾಕಬೇಕಾದ್ದರಿಂದ ಅದನ್ನು ಹೆಸರು ಹೇಳಿ ಕೇಳಬೇಕು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ತಮ್ಮೂರಿನಿಂದ ನೇರ ರೈಲಿದೆ. ಬರುವ ಮುನ್ನ ಫೋನ್ ಮಾಡಿ ವಿಚಾರಿಸಿಕೊಳ್ಳಿ, ಪ್ರಾಣಿಯನ್ನು ತರುವುದಾದರೆ ಟಿಶ್ಯೂ ಹಾಸಿದ ಗಾಳಿಯಾಡುವ ಡಬ್ಬಿಯಲ್ಲಿ ಹಾಕಿ ಶಾಲಿನಲ್ಲಿ ಸುತ್ತಿಕೊಂಡು ಬನ್ನಿ. ಮುಟ್ಟಿದ ಮೇಲೆ ಪ್ರತಿ ಸಲವೂ ಸಾಬೂನಿನಿಂದ ಕೈ ತೊಳೆಯಬೇಕು, ಸಾಲ್ಮೊನೆಲ್ಲಾ ಎಂಬ ರೋಗಾಣು ಇವುಗಳ ಹೊಟ್ಟೆಯಲ್ಲಿ ಸಾಧಾರಣವಾಗಿ ಇರುತ್ತದೆ.

ಬಿಸಿಲುನಾಡಿನವ, ಕಲಬುರಗಿ

ಹನ್ನೆರಡು ದಿನಗಳ ನಂತರ ಬರೆಯುತ್ತಿದ್ದೇನೆ. ಅಂದೇ ಪೆಟ್ಟಿಗೆಯನ್ನು ಮತ್ತೆ ಮರದ ಮೇಜಿಗೆ ಏರಿಸಿ, ನಾಲ್ಕು ಮೂಲೆಗಳಿಗೆ ರಬ್ಬರ್ ಗುಂಡಿಗಳನ್ನು ಕೊಟ್ಟು, ಪ್ರೋಬನ್ನು ಒಳಗಿನ ನೆಲಕ್ಕೆ ಅಂಟಿಸಿದೆ. ಎರಡು ಗಂಟೆಯೊಳಗೆ ಟೈಲ್ಸ್ 33 ಡಿಗ್ರಿಗೆ ಬಂದು, ತಿಂಗಳುಗಳ ನಂತರ ಮೊದಲ ಸಲ ಆ ಕೆಂಪು ದೀಪ ಆರಿತು. ಎಳ್ಳು ಆ ರಾತ್ರಿಯೆಲ್ಲ ನಾಲ್ಕೂ ಕಾಲುಗಳನ್ನು ಚಾಚಿ, ಹೊಟ್ಟೆಯನ್ನು ರೊಟ್ಟಿಯಂತೆ ಚಪ್ಪಟೆ ಮಾಡಿಕೊಂಡು, ಬಿಸಿ ಟೈಲ್ಸಿಗೆ ಅಂಟಿಯೇ ಇತ್ತು.

ನಾಲ್ಕನೆಯ ದಿನ ಮಲವಿಸರ್ಜನೆಯಾಯಿತು. ಅದರಲ್ಲಿ ಮಿಡತೆಯ ಒಂದು ಹಿಂಗಾಲು, ಗರಗಸದ ಹಲ್ಲುಗಳ ಸಮೇತ, ಮುರಿಯದೆ ಇತ್ತು. ಎಳ್ಳಮಾವಾಸ್ಯೆಯ ಊಟ ಸಂಕ್ರಾಂತಿ ಕಳೆದ ಮೇಲೂ ಹೊಟ್ಟೆಯಲ್ಲಿಯೇ ಕುಳಿತಿತ್ತೆಂದಾಯಿತು. ಪರೀಕ್ಷೆಯಲ್ಲಿ ಪರಾವಲಂಬಿಗಳು ಕಾಣಲಿಲ್ಲ, ಕ್ರಿಪ್ಟೊ ಕೂಡ ಇಲ್ಲವೆಂದು ಬಂದಿದೆ. ಏಳನೆಯ ದಿನ ಸಂಜೆ ಒಂದು ಸಣ್ಣ ಹುಳುವನ್ನು ಹಿಡಿದಾಗ ಬಹಳ ಹೊತ್ತು ನೋಡಿತು, ಬಾಲದ ತುದಿ ಅಲುಗಿತು, ತಿಂದಿತು. ಎರಡನೆಯದಕ್ಕೆ ಮುಖ ಹೊರಳಿಸಿತು. ಈಗ ಮೂರು ದಿನಕ್ಕೊಮ್ಮೆ ಎರಡು ಮೂರು ಹುಳುಗಳನ್ನು ತಿನ್ನುತ್ತದೆ, ತೂಕ 60.5ಕ್ಕೆ ನಿಂತಿದೆ.

ಮೊದಲಿನ ಹಸಿವು ಮರಳದಿರುವುದಕ್ಕೆ ಕಾರಣವೂ ತಿಳಿಯಿತು. ಡಬ್ಬಿಯ ಕೆಳಗಿನಿಂದ ನೋಡಿದರೆ ರಂಧ್ರಗಳ ಸಾಲೂ ಇಲ್ಲ, ಉಬ್ಬುಗಳೂ ಇಲ್ಲ. ಹೊಟ್ಟೆಯ ಎರಡು ಬದಿಗೆ ತೊಗರಿ ಕಾಳಿಗಿಂತ ಸ್ವಲ್ಪ ದೊಡ್ಡದಾದ ಎರಡು ಗುಲಾಬಿ ದುಂಡುಗಳು ಕಂಡವು. ಎರಡೂವರೆ ವರ್ಷ ಅವನು ಎಂದು ಕರೆದದ್ದಾಯಿತು. ಹೆಸರು ಬದಲಿಸುವ ಅಗತ್ಯವಿಲ್ಲ ಎಂದು ತಾಯಿ ಹೇಳಿದ್ದಾರೆ. ಮೊಟ್ಟೆ ಇಡುವುದಾದರೆ ನಾನು ಏನನ್ನು ಸಿದ್ಧಪಡಿಸಬೇಕು?

ಪಶುವೈದ್ಯೆ, ಬೀದರ್

ಅದರ ಮೈ ಪೂರ್ತಿ ಹಿಡಿಸುವಷ್ಟು ದೊಡ್ಡ ಡಬ್ಬಿಯಲ್ಲಿ ನಾಲ್ಕು ಬೆರಳು ಆಳಕ್ಕೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿ, ಹಿಡಿದರೆ ಮುದ್ದೆಯಾಗಬೇಕು, ಹಿಂಡಿದರೆ ನೀರು ತೊಟ್ಟಿಕ್ಕಬಾರದು ಎನ್ನುವಷ್ಟು ತೇವ ಮಾಡಿ, ಮುಚ್ಚಳಕ್ಕೆ ಬಾಗಿಲು ಕೊರೆದು ಪೆಟ್ಟಿಗೆಯ ನಡುವೆ ಇಡಿ. ವಿಟಮಿನ್ ಡಿ3 ಬೆರೆಸದ ಕ್ಯಾಲ್ಸಿಯಂ ಪುಡಿಯನ್ನು ಒಂದು ಬಾಟಲಿ ಮುಚ್ಚಳದಲ್ಲಿ ಸದಾ ಇಟ್ಟಿರಿ, ಬೇಕೆನಿಸಿದಾಗ ತಾನೇ ನೆಕ್ಕುತ್ತದೆ. ಅಂಡಗಳು ಹಲವು ಸಲ ಮೊಟ್ಟೆಯಾಗದೆ ಮೈಯೊಳಗೇ ಕರಗಿಹೋಗುತ್ತವೆ. ಆದರೆ ನೆಲ ಕೆರೆಯುತ್ತ ತಿಣುಕುತ್ತ ಎರಡು ದಿನ ಕಳೆದರೂ ಮೊಟ್ಟೆ ಹೊರಬರದಿದ್ದರೆ, ಶಾಲಿನಲ್ಲಿ ಸುತ್ತಿಕೊಂಡು ರೈಲು ಹತ್ತಿ.